ಗಣಿ ದಿಬ್ಬದ ಮರಳು

ನಮ್ಮ ಎದುರು ಸೈಟಿನಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಇವತ್ತು ಬೆಳಿಗ್ಗೆ ಲಾರಿಯೊಂದು ಹಸಿ ಮರಳು ಸುರಿದು ಹೋಯಿತು. ಆ ವಾಸನೆಗೆ ಕಾಫಿ ಲೋಟ ಹಿಡಿದುಕೊಂಡೇ ಗೇಟು ದಾಟಿ ಹೋಗಿ ನಿಂತೆ. ಮುದುಕನಿಗೆ ಬೇರೆ ಕೆಲಸವಿಲ್ಲ ಎಂದುಕೊಂಡಿರಬೇಕು ಅಲ್ಲಿನ ಮೇಸ್ತ್ರಿ. ನನಗೆ ನೆನಪಾದದ್ದು ನನ್ನ ಪಾಲುದಾರ...

ಅವನು ಮೊಳಕಾಲ್ಮುರಿನವನು, ನಾನು ಇದೇ ಚಳ್ಳಕೆರೆಯವನು. ಇಬ್ಬರೂ ಸೇರಿ ಮೊದಲು ಕಟ್ಟಿದ್ದು ಇಲ್ಲಿನ ಎಣ್ಣೆ ಗಿರಣಿಯೊಂದರ ಕಾಂಪೌಂಡ್. ಆಮೇಲೆ ದೂರದ ಚಿನ್ನದ ಗಣಿಯ ಊರಿನಲ್ಲಿ ಕೆಲಸ ಸಿಕ್ಕಿತು. ಕಾರ್ಮಿಕರ ಮನೆಗಳು, ಒಂದು ಆಸ್ಪತ್ರೆ ವಾರ್ಡು, ಕೊನೆಗೆ ಕಾರ್ಮಿಕರ ಮಕ್ಕಳಿಗೊಂದು ಶಾಲೆ. ಅವನದು ಗೋಡೆ, ನನ್ನದು ಕಾಗದಪತ್ರ. ಹನ್ನೊಂದು ವರ್ಷ ಹೀಗೇ ನಡೆಯಿತು. ಬಿಸಿಲಲ್ಲಿ ನಿಂತವನು ಅವನು, ಕಂಟ್ರಾಕ್ಟರ್ ಸಾಹೇಬರು ಅನ್ನಿಸಿಕೊಂಡವನು ನಾನು.

ಮರಳು ಬಂದ ಕೂಡಲೇ ಒಂದು ಚಿಟಿಕೆ ನಾಲಿಗೆಗಿಟ್ಟು ನೋಡುತ್ತಿದ್ದ. ಉಪ್ಪೆನಿಸಿದರೆ ಲಾರಿ ವಾಪಸ್. “ಬಾ ಲೇ, ನೀನೂ ಕಲಿ” ಎಂದು ಕರೆಯುತ್ತಿದ್ದ. “ಮಣ್ಣು ತಿನ್ನೋ ಕೆಲಸ ನಿಂದೇ ಇರ್ಲಿ” ಎಂದು ನಾನು ನಗುತ್ತಿದ್ದೆ.

ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಗಣಿಯವರು ಊರಾಚೆ ಸುರಿದು ಸುರಿದು ಒಂದು ದಿಬ್ಬವೇ ಆಗಿತ್ತು. ರಾಗಿ ಹಿಟ್ಟಿನಷ್ಟು ನಯ. ಶಾಲೆಯ ಗೋಡೆಗಳಿಗೆ ಗಾರೆ ಬಳಿಯುವ ಹೊತ್ತಿಗೆ ಹಳ್ಳದ ಮರಳಿನ ಲಾರಿಗಳು ನಿಂತುಹೋದವು. ದಿಬ್ಬದಿಂದಲೇ ತರಿಸೋಣ ಎಂದೆ.

“ವದ್ದಪ್ಪಾ, ಬ್ಯಾಡ!” ಎಂದ. ಸಿಟ್ಟು ಬಂದರೆ ಅವನ ಬಾಯಲ್ಲಿ ತೆಲುಗು ಬರುತ್ತಿತ್ತು. “ಅದ್ರಾಗೆ ಗಣಿಯವ್ರು ಹಾಕಿದ ವಿಷ ಐತೆ. ನಾಲಿಗೆಗೆ ಇಡಾಕೆ ಆಗದ್ದನ್ನ ಮಕ್ಳು ಒರಗೋ ಗೋಡೆಗೆ ಹೆಂಗೆ ಬಳೀತೀಯ ಲೇ?”

ಅದೇ ವಾರ ಮಗಳ ಮದುವೆಗೆಂದು ಊರಿಗೆ ಹೋದ. ಅವನು ಬಸ್ಸು ಹತ್ತಿದ ಮಾರನೆಯ ದಿನವೇ ದಿಬ್ಬದ ಮರಳು ತರಿಸಿದೆ. ಶಾಲೆ ತೆರೆಯುವ ದಿನ ಹತ್ತಿರ ಬಂದಿತ್ತು, ನಿಜ. ಆದರೆ ಯಾವಾಗಲೂ ಅವನ ಮಾತೇ ಯಾಕೆ ನಡೆಯಬೇಕು ಎಂಬ ಹೊಟ್ಟೆಕಿಚ್ಚೂ ಇತ್ತು. ಅವನು ವಾಪಸ್ ಬರುವಷ್ಟರಲ್ಲಿ ಮೂರು ಕೋಣೆ ಮುಗಿದು ಸುಣ್ಣವೂ ಬಳಿದಾಗಿತ್ತು. ನಾನು ಹೇಳಲಿಲ್ಲ.

ಮೊದಲ ಮಳೆಗೇ ಗೋಡೆಗಳು ಉಪ್ಪು ಬಿಟ್ಟವು. ಗಾರೆ ಹಪ್ಪಳದ ಹಾಗೆ ಎದ್ದು ಉದುರಿತು. “ಗೋಡೆ ಕೆಲಸ ಯಾರದ್ರಿ?” ಎಂದು ಇಂಜಿನಿಯರ್ ಕೂಗಾಡಿದರು. ಅವನು ಬಿದ್ದ ಚೂರೊಂದನ್ನು ಬೆರಳಲ್ಲಿ ಪುಡಿ ಮಾಡಿ ನನ್ನ ಮುಖ ನೋಡಿದ. ಅವನಿಗೆ ಗೊತ್ತಾಗಿತ್ತು. ನಾನು ಫೈಲಿನ ಹಾಳೆ ತಿರುವುತ್ತಾ ನಿಂತೆ. ಸ್ವಲ್ಪ ಹೊತ್ತು ಕಾದ... ನನಗಾಗಿಯೇ ಕಾದ. ಆಮೇಲೆ “ನಂದೇ ರೀ” ಎಂದ.

ಗಣಿಯ ಯಾವ ಕೆಲಸಕ್ಕೂ ಅವನನ್ನು ಸೇರಿಸಬಾರದೆಂದು ಆದೇಶವಾಯಿತು. ಪಾಲುದಾರಿಕೆ ಮುರಿದ ಕಾಗದವನ್ನು ಬರೆದವನೂ ನಾನೇ, ಅಕ್ಷರ ನನ್ನದು ಚೆನ್ನಾಗಿತ್ತಲ್ಲ! ಆ ಮೂರು ಕೋಣೆಗಳಿಗೆ ಮತ್ತೆ ಗಾರೆ ಹಾಕಿಸಿದೆ, ಹಳ್ಳದ ಮರಳಿನಲ್ಲಿ. ಚೊಕ್ಕ ಕೆಲಸ ಎಂದು ನನ್ನನ್ನು ಹೊಗಳಿದರು.

ಎಷ್ಟೋ ವರ್ಷದ ಮೇಲೆ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಕೈಚೀಲದಿಂದ ಕರಣೆಯ ಹಿಡಿ ಹೊರಗೆ ಕಾಣುತ್ತಿತ್ತು. ಕೂಲಿಗೆ ಗೋಡೆ ಕಟ್ಟುತ್ತಿದ್ದ. “ಚೆನ್ನಾಗಿದ್ದೀರೇನ್ರಿ?” ಎಂದ. ಹನ್ನೊಂದು ವರ್ಷ ನನ್ನನ್ನು ಲೇ ಎಂದವನು. ಎಲ್ಲರೆದುರು ಕೊರಳಪಟ್ಟಿ ಹಿಡಿದು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮೊಳಕಾಲ್ಮುರಿನ ಬಸ್ಸು ಬಂತು, ಹತ್ತಿಕೊಂಡು ಹೋದ.

ಹೋದ ವರ್ಷ ತೀರಿಕೊಂಡನಂತೆ. ಸುದ್ದಿ ಆವತ್ತೇ ಬಂತು. ಮೊಳಕಾಲ್ಮುರು ದೂರವೇನಲ್ಲ. ನಾನು ಹೋಗಲಿಲ್ಲ.

ಇವತ್ತು ಒಂದು ಚಿಟಿಕೆ ಮರಳು ತೆಗೆದು ನಾಲಿಗೆಗಿಟ್ಟುಕೊಂಡೆ. ಬರೀ ಮರಳು... ಉಪ್ಪೋ ಸಪ್ಪೆಯೋ ಒಂದೂ ತಿಳಿಯಲಿಲ್ಲ. ಮೇಸ್ತ್ರಿ ನಗುತ್ತಾ ಕೇಳಿದ, “ಹೆಂಗೈತ್ರಿ ಯಜಮಾನ್ರೇ?”

“ನಂಗೆ ಗೊತ್ತಾಗಲ್ಲಪ್ಪ. ಗೊತ್ತಿದ್ದೋನು ಒಬ್ಬ ಇದ್ದ, ನನ್ ಪಾಲುದಾರ.”

“ಈಗೆಲ್ಲಿದಾರ್ರಿ?”

“ತೀರ್ಕೊಂಡ” ಎಂದೆ. ಅದಕ್ಕಿಂತ ಮೊದಲಿನದನ್ನು ಇವತ್ತೂ ಹೇಳಲಿಲ್ಲ.