ಕುಬಸದ ತಟ್ಟೆ ನನ್ನನ್ನು ದಾಟಿದ ದಿನ

ಅದು ಮೊದಲು ಬಂದದ್ದು ಯಾವ ವರ್ಷ ಎಂದು ಖಚಿತವಾಗಿ ಹೇಳಲಾರೆ. ಮಗಳಿಗೆ ಎರಡು ತುಂಬಿತ್ತು, ಹಾಲು ಬಿಡಿಸಿ ಬಹಳ ದಿನವಾಗಿತ್ತು. ಶಕ್ತಿನಗರದಲ್ಲಿ ವಿದ್ಯುತ್ ಕೇಂದ್ರದ ಕಟ್ಟಡ ಏಳುತ್ತಿತ್ತು, ನನ್ನ ಗಂಡ ಅಲ್ಲಿ ಓವರ್‌ಸಿಯರ್. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದ ನಾನು ಮಾನ್ವಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಒಂದು ದಿನ ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗ ಬಲ ಮೊಲೆಯೊಳಗೆ ಏನೋ ಎಳೆದಂತಾಯಿತು. ವಾರದೊಳಗೆ ಲಿಂಬೆಹಣ್ಣಿನಷ್ಟು ಗಟ್ಟಿ ಗಂಟು. ಮೇಲಿನ ಚರ್ಮ ಕೆಂಪಾಗಿ ಬಿಸಿಯೇರಿತು.

ರಾಯಚೂರಿನ ಡಾಕ್ಟರು ಕುರು ಎಂದು ಕೊಯ್ದರು. ಮಾಯಿತು. ಕೆಲವು ತಿಂಗಳ ಮೇಲೆ ಅದರ ಪಕ್ಕದಲ್ಲೇ ಮತ್ತೊಂದು ಎದ್ದಿತು. ಅದನ್ನೂ ಕೊಯ್ದರು. ಆಮೇಲಿನದು ತಾನಾಗಿ ಒಡೆಯಿತು, ಪಾಠ ಮಾಡುತ್ತಿದ್ದಾಗ, ಸೆರಗು ಒದ್ದೆಯಾಗುವಷ್ಟು. ಆಗ ಡಾಕ್ಟರಿಗೆ ಕ್ಷಯದ ಸಂಶಯ ಬಂತು. ದಿನಾ ಸೂಜಿ ಶುರುವಾಯಿತು.

ಕ್ಷಯ ಎಂಬ ಮಾತು ಅತ್ತೆಯ ಕಿವಿಗೆ ಬಿದ್ದದ್ದೇ ಸಾಕಾಯಿತು. ದೇವದುರ್ಗದಿಂದ ಬಂದು, ಕೂಸಿಗೆ ಅಂಟುತ್ತದೆ, ಮಾಯ್ದ ಮೇಲೆ ತಂದು ಬಿಡುತ್ತೇನೆ ಎಂದು ಮಗಳನ್ನು ಕರೆದೊಯ್ದರು. ನಾನೂ ಒಪ್ಪಿದೆ. ಮಾಯುತ್ತಲೂ ಇತ್ತು. ಆದರೆ ನಾನು ಕರೆತರಲು ಹೋಗುವಷ್ಟರಲ್ಲಿ ಇನ್ನೊಂದು ಕಡೆ ಗಂಟು ಮೂಡುತ್ತಿತ್ತು, ಅತ್ತೆಯ ಗಡುವು ಮೊದಲಿನಿಂದ ಶುರುವಾಗುತ್ತಿತ್ತು. ದೇವದುರ್ಗದ ಮನೆಯಲ್ಲಿ ನನಗೆ ಬೇರೆ ತಾಟು, ಬೇರೆ ತಂಬಿಗೆ. ಮಗಳು ನನ್ನನ್ನು ‘ಮಾನ್ವಿ ಅವ್ವ’ ಎನ್ನತೊಡಗಿದಳು. ಬರೀ ಅವ್ವ ಎಂದರೆ ಅಜ್ಜಿ.

ಕೊನೆಗೆ ಗಂಡ ರಜೆ ಹಾಕಿ ಹೈದರಾಬಾದಿನ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿ ಸಣ್ಣ ಚೂರು ತೆಗೆದು ಪರೀಕ್ಷಿಸಿದರು. ಕ್ಷಯವಲ್ಲ, ಕ್ಯಾನ್ಸರೂ ಅಲ್ಲ ಎಂದರು. ಅಪರೂಪದ ಉರಿಯೂತ, ಯಾಕೆ ಬರುತ್ತದೆಂದು ತಮಗೂ ಗೊತ್ತಿಲ್ಲ, ಬಂದು ಹೋಗಿ ಮಾಡುತ್ತದೆ, ಯಾರಿಗೂ ಅಂಟುವುದಿಲ್ಲ. ಗಂಡ ಇದನ್ನೆಲ್ಲ ತಾಯಿಯ ಮುಂದೆ ಕುಳಿತು ಬಿಡಿಸಿ ಹೇಳಿದರು. ಅತ್ತೆ ಅಡಿಕೆ ಕತ್ತರಿಸುತ್ತಲೇ ಕೇಳಿದರು:

“ಯಾಕ ಬರ್ತದಂತ ಗೊತ್ತಿಲ್ಲದ ಜಡ್ಡು, ಅಂಟಂಗಿಲ್ಲಂತ ಹ್ಯಾಂಗ ಗೊತ್ತಾತು ಅವರಿಗಿ?”

ಅದು ದಡ್ಡ ಪ್ರಶ್ನೆಯಲ್ಲ. ಅದೇ ನನ್ನನ್ನು ಹೆಚ್ಚು ಉರಿಸಿತು. ಮಗಳು ದೇವದುರ್ಗದಲ್ಲೇ ಉಳಿದಳು.

ಅದಾಗಿ ಸುಮಾರು ಒಂದು ವರ್ಷಕ್ಕೆ ದೇವದುರ್ಗದ ಮನೆಯಲ್ಲಿ ನಾದಿನಿಯ ಕುಬಸ, ಸೀಮಂತದ ಕಾರ್ಯ. ಅವಳನ್ನು ಮಸರಕಲ್ಲಿಗೆ ಕೊಟ್ಟಿದ್ದರು. ಚೊಚ್ಚಲ ಬಸುರಿ, ಏಳು ತಿಂಗಳು. ಬಸುರಿಗೆ ಹೊಸ ಹಸಿರು ಕುಬಸ ತೊಡಿಸುವ ಮೊದಲು ಅದನ್ನು ತಟ್ಟೆಯಲ್ಲಿಟ್ಟು ಮುತ್ತೈದೆಯರ ಸಾಲಿನಲ್ಲಿ ಕಳಿಸುವುದು ಆ ಮನೆಯ ಪದ್ಧತಿ. ಪ್ರತಿಯೊಬ್ಬಳೂ ಅರಿಶಿನದ ಬೆರಳು ಮುಟ್ಟಿಸಬೇಕು. ತಟ್ಟೆ ನನ್ನ ಎಡಗಡೆಯವಳ ಕೈಗೆ ಬಂದಾಗ ಅತ್ತೆ ಎದ್ದು ಬಂದು, ತಾವೇ ಎತ್ತಿ, ನನ್ನ ತಲೆಯ ಮೇಲಿಂದ ಬಲಗಡೆಯವಳಿಗೆ ಕೊಟ್ಟರು.

ಮಸರಕಲ್ಲಿನ ಬೀಗತಿ, ನಾದಿನಿಯ ಅತ್ತೆ, ಅದನ್ನು ಕಂಡು, ದೊಡ್ಡ ಸೊಸೆಗೆ ಯಾಕೆ ಕೊಡಲಿಲ್ಲ ಎಂದು ಕೇಳಿದರು.

“ಅಕಿ ಇವತ್ತ ಹೊರಗಾಗ್ಯಾಳ್ರಿ,” ಎಂದರು ಅತ್ತೆ.

“ಹೊರಗಾದಾಕಿ ಒಳಗ್ಯಾಕ ಕುಂತಾಳವಾ?” ಎಂದು ಹಿಂದಿನಿಂದ ಯಾರೋ ಕೇಳಿದರು. ಹೆಂಗಸರು ನಕ್ಕರು.

ಗಾಯಕ್ಕೆ ಬಿಗಿಯಾದ ಜಾಕೀಟು ತಾಗುತ್ತಿದ್ದುದರಿಂದ ಆ ದಿನಗಳಲ್ಲಿ ನಾನು ಮುಂದೆ ಗಂಟು ಹಾಕುವ ಹಳೇ ಥರದ ಸಡಿಲ ಕುಬಸ ತೊಡುತ್ತಿದ್ದೆ. ಅಂದೂ ಅದನ್ನೇ ತೊಟ್ಟಿದ್ದೆ. ಗಾಯಕ್ಕಾಗಿಯೋ, ಬೇಗ ಬಿಚ್ಚಲು ಬರುತ್ತದೆಂದೋ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬೆಳಿಗ್ಗೆ ಕನ್ನಡಿಯ ಮುಂದೆ ಏನು ಯೋಚಿಸುತ್ತಿದ್ದೆ ಎಂಬುದು ನೆನಪಿನಲ್ಲಿಲ್ಲ, ಅಥವಾ ನೆನಪೇ ನನಗೆ ಅನುಕೂಲ ಮಾಡಿಕೊಟ್ಟಿದೆ.

“ನಾ ಹೊರಗಾಗಿಲ್ರಿ,” ಎಂದೆ. “ಇದಕ್ಕ ಕೊಟ್ಟಿಲ್ಲ.”

ಗಂಟು ಬಿಚ್ಚಿ ಸೆರಗು ಸರಿಸಿದೆ. ಹೊಲಿಗೆಯ ಗೀಟುಗಳು, ಒಳಗೆ ಸೇದಿಹೋದ ತೊಟ್ಟು, ಇನ್ನೂ ಬಾಯಿ ಮುಚ್ಚದ ಒಂದು ಗಾಯ, ಅದರಲ್ಲಿ ತುರುಕಿದ ಬಟ್ಟೆಯ ಬತ್ತಿ. ಅತ್ತೆ ನನ್ನ ಸೆರಗು ಎಳೆಯಲು ಬಂದರು. ಅವರ ಕೈಯನ್ನು ತಳ್ಳಿದೆ.

ಬೀಗತಿ ಮರುಗಲಿಲ್ಲ. ಬಗ್ಗಿ ನೋಡಿ ಅತ್ತೆಯ ಕಡೆಗೆ ತಿರುಗಿದರು. “ಇದನ್ನ ಮುಚ್ಚಿಟ್ಟು ನಮ್ಮ ಮನಿಗಿ ಹೆಣ್ಣು ಕೊಟ್ರೇನ್ರೀ? ನಮ್ಮ ಸೊಸಿಗಿ ಅಂಟಿದ್ರ?”

ಅತ್ತೆಯ ಮುಖದಲ್ಲಿ ರಕ್ತ ಉಳಿಯಲಿಲ್ಲ. “ಅಂಟಂಗಿಲ್ರೀ,” ಎಂದರು. “ಹೈದರಾಬಾದ್ ಡಾಕ್ಟರ್ ನೋಡಿ ಹೇಳ್ಯಾರ. ಕ್ಷಯ ಅಲ್ಲ, ಏನಲ್ಲ. ಬೇಕಾದ್ರ ನನ್ನ ಮಗನ್ನ ಕೇಳ್ರಿ.”

ನನಗೆ ಇಷ್ಟು ಸಿಗುತ್ತದೆಂದು ಅಂದುಕೊಂಡಿರಲಿಲ್ಲ. “ಇನ್ನೊಮ್ಮೆ ಹೇಳ್ರಿ ಅತ್ತಿ,” ಎಂದೆ. “ಕೂಸಿಗಿ?”

“ಯಾರಿಗೂ ಅಂಟಂಗಿಲ್ಲ.”

“ಹಂಗಾದ್ರ ಇವತ್ತ ನನ್ನ ಮಗಳನ್ನ ಕರ್ಕೊಂಡು ಹೋಗ್ತೀನಿ.”

ಅಷ್ಟು ಜನರ ಮುಂದೆ ಅವರು ಇಲ್ಲವೆನ್ನುವಂತಿರಲಿಲ್ಲ. ನನ್ನ ನೆನಪಿನಲ್ಲಿ ನನ್ನ ದನಿ ತಣ್ಣಗಿದೆ. ನಾನು ಚೀರಾಡಿದೆ ಎಂದು ನಾದಿನಿ ಈಗಲೂ ಹೇಳುತ್ತಾಳೆ. ಅವಳು ಹಸಿರು ಬಳೆಯ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತದ್ದಂತೂ ನಿಜ. ಆ ದಿನ ಅವಳದಾಗಿತ್ತು. ಅದನ್ನು ಕೆಡಿಸಿದ್ದಕ್ಕೆ ಬೇಸರವಾಯಿತು ಎಂದು ಬರೆದರೆ ಚೆಂದ ಕಾಣುತ್ತದೆ. ಆದರೆ ಆಗಿರಲಿಲ್ಲ.

ಮಾನ್ವಿಯ ಬಸ್ಸಿನಲ್ಲಿ ಮಗಳು ಅಜ್ಜಿ ಬೇಕೆಂದು ದಾರಿಯುದ್ದಕ್ಕೂ ಹೊರಳಾಡಿದಳು. ಅವಳ ಮೊಳಕೈ ಗಾಯಕ್ಕೆ ಬಡಿಯಿತು. ನಾನು ಅವಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಅವಳು ನನ್ನನ್ನು ಬರೀ ಅವ್ವ ಎನ್ನಲು ಆ ಚಳಿಗಾಲ ಕಳೆಯಬೇಕಾಯಿತು.

ಬೇಸಿಗೆಗೆ ಅದು ಮತ್ತೆ ಬಂತು. ಸುದ್ದಿ ತಿಳಿದು ಅತ್ತೆ ಮಾನ್ವಿಗೆ ಬಂದರು. ಈ ಸಲ ಅಂಟುವ ಮಾತು ಎತ್ತಲಿಲ್ಲ. ನಿನಗೆ ಆಗುವುದಿಲ್ಲ, ನಾಲ್ಕು ದಿನ ನಾನು ನೋಡಿಕೊಳ್ಳುತ್ತೇನೆ ಎಂದು ಮೆಲ್ಲಗೆ ಕೇಳಿದರು. ಮನಸ್ಸಿನಿಂದಲೇ ಕೇಳಿದರೆಂದು ಈಗ ಅನಿಸುತ್ತದೆ. ಚಹಾ ಕೊಟ್ಟೆ, ಊಟಕ್ಕೆ ಬಡಿಸಿದೆ, ಮಗಳನ್ನು ಕಳಿಸುವುದಿಲ್ಲ ಎಂದೆ. ಅವರು ಮೊಮ್ಮಗಳ ತಲೆ ಸವರಿ, ಮಧ್ಯಾಹ್ನದ ಬಸ್ಸಿಗೆ ಹೊರಟರು. ಸೊಸೆಯಾದವಳು ಸ್ಟ್ಯಾಂಡಿನವರೆಗೆ ಹೋಗಿ ಹತ್ತಿಸಿ ಬರಬೇಕಿತ್ತು. ಹೋಗಲಿಲ್ಲ. ಕಿಟಕಿಯಲ್ಲಿ ನಿಂತು ನೋಡಿದೆ. ಓಣಿಯ ತಿರುವಿನಲ್ಲಿ ಅವರು ನಿಂತು ಸೆರಗಿನಿಂದ ಮುಖ ಒರೆಸಿಕೊಂಡರು. ಅತ್ತರು ಎಂದು ಆ ದಿನದ ಡೈರಿಯಲ್ಲಿ ಬರೆದಿದ್ದೇನೆ. ಮಾನ್ವಿಯ ಆ ಬಿಸಿಲಿಗೆ ಅದು ಬರೀ ಬೆವರೂ ಆಗಿರಬಹುದು. ತಿದ್ದುವ ಮನಸ್ಸಿಲ್ಲ.