ಕೆಂಪಪ್ಪ ತಟ್ಟಿ ನೋಡುತ್ತಿದ್ದ ಹರಿಗೋಲು

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಿಂದ ಒಂದು ಮೈಲಿ ಒಳಕ್ಕೆ ಹೋದರೆ ಹಿರೇಕೆರೆ. ತುಂಬಿದ ವರ್ಷ ಅದರ ಉದ್ದ ಎರಡು ಮೈಲಿಗೆ ಕಡಿಮೆ ಇರುತ್ತಿರಲಿಲ್ಲ. ಏರಿಯ ಕೆಳಗೆ ಬೆಸ್ತರ ಹದಿನಾಲ್ಕು ಮನೆಗಳಿದ್ದವು, ಅಷ್ಟೂ ಮನೆಗೆ ಐದು ಹರಿಗೋಲು. ಬಿದಿರಿನ ದೊಡ್ಡ ಬುಟ್ಟಿಗೆ ಎಮ್ಮೆಯ ತೊಗಲನ್ನು ಬಿಗಿದರೆ ಹರಿಗೋಲಾಯಿತು. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಗಾಳಿ ಬಲವಾದರೆ ಹುಟ್ಟು ಹಾಕುವವನ ಮಾತು ಕೇಳುವುದಿಲ್ಲ, ಬುಗುರಿಯಂತೆ ತಿರುಗುತ್ತ ಗಾಳಿ ನೂಕಿದ ಕಡೆ ಹೋಗುತ್ತದೆ. ಕೆರೆಯ ಮೇಲ್ತುದಿಯಲ್ಲಿ ನೀರು ನಿಂತು ಸತ್ತ ಜಾಲಿಮರಗಳಿದ್ದವು. ಮೀನು ಸೇರುತ್ತಿದ್ದುದು ಅಲ್ಲಿ. ಗಾಳಿಗೆ ಸಿಕ್ಕ ಹರಿಗೋಲು ಮುಳ್ಳಿಗೆ ಹೊಡೆದು ಸೀಳುತ್ತಿದ್ದುದೂ ಅಲ್ಲಿಯೇ.

ಹೀಗಾಗಿ ದಿನವೂ ಬೆಳಿಗ್ಗೆ ಕೆರೆಗೆ ಇಳಿಯುವ ಮೊದಲು ಒಬ್ಬರು ನೋಡಿ ಹೇಳಬೇಕಿತ್ತು. ಹಾಗೆ ಹೇಳುತ್ತಿದ್ದವನು ಕೆಂಪಪ್ಪ. ಅವನಿಗಿಂತ ಮೊದಲು ಅವನ ಅಪ್ಪ ಹುಲಿಯಪ್ಪ ಹೇಳುತ್ತಿದ್ದ.

ಕೆಂಪಪ್ಪನಿಗೆ ಆಗ ಐವತ್ತೆಂಟು. ಬಲಭುಜ ಹಿಡಿದುಕೊಂಡಿದ್ದರಿಂದ ಎರಡು ವರ್ಷದಿಂದ ಹುಟ್ಟು ಹಿಡಿಯುವುದನ್ನು ಬಿಟ್ಟಿದ್ದ. ಆದರೂ ಎಲ್ಲರಿಗಿಂತ ಮೊದಲು ಏರಿಯ ಮೇಲೆ ಬಂದು ನಿಲ್ಲುತ್ತಿದ್ದ. ಒಲೆಯ ಹೊಗೆ ನೆಟ್ಟಗೆ ಏಳುತ್ತಿದೆಯೋ ಬಾಗಿದೆಯೋ ನೋಡುವನು. ನೀರುಕಾಗೆಗಳು ಜಾಲಿಯ ತುದಿಯಲ್ಲಿ ರೆಕ್ಕೆ ಬಿಚ್ಚಿ ಕೂತಿವೆಯೋ, ಕೆಳಗಿನ ಕೊಂಬೆಗೆ ಇಳಿದಿವೆಯೋ ನೋಡುವನು. ಕೊನೆಗೆ ಹೊಂಗೆಮರದ ಕೆಳಗಿನ ಚಪ್ಪರಕ್ಕೆ ಹೋಗುವನು. ಅಲ್ಲಿ ನಾಲ್ಕು ಕಲ್ಲುಗಳ ಮೇಲೆ ಹುಲಿಯಪ್ಪನ ಹಳೆಯ ಹರಿಗೋಲನ್ನು ಕವುಚಿ ಹಾಕಿತ್ತು. ಅದನ್ನು ನೀರಿಗೆ ಬಿಡದೆ ಹನ್ನೆರಡು ವರ್ಷವಾಗಿತ್ತು. ಕೆಂಪಪ್ಪ ಬೆರಳು ಮಡಚಿ ಅದರ ಬೆನ್ನಿನ ಮೇಲೆ ಒಂದು ಸಲ ತಟ್ಟುವನು. ಆಮೇಲೆ ತಿರುಗಿ, "ಹೋಗ್ರಿ" ಎನ್ನುವನು, ಇಲ್ಲವೇ "ಬ್ಯಾಡ" ಎನ್ನುವನು.

ಅವನು ಅಪ್ಪನನ್ನು ಮುಟ್ಟಿ ಕೇಳುತ್ತಾನೆ ಎಂದು ಕೇರಿಯವರೆಲ್ಲ ನಂಬಿದ್ದರು. ಹುಲಿಯಪ್ಪ ಸತ್ತರೂ ಹರಿಗೋಲು ಬಿಟ್ಟು ಹೋಗಿಲ್ಲ ಎನ್ನುತ್ತಿದ್ದರು. ಹೆಂಗಸರು ಅಮಾವಾಸ್ಯೆಗೆ ಅದರ ಮುಂದೆ ಕಾಯಿ ಒಡೆಯುತ್ತಿದ್ದರು. ತಮಾಷೆ ಮಾಡುತ್ತಿದ್ದವನು ಕಲ್ಲಪ್ಪ ಒಬ್ಬನೇ. ಅವನು ಒಳ್ಳೆಯ ಬಲೆಗಾರ, ಅದಕ್ಕಿಂತ ಒಳ್ಳೆಯ ಡೊಳ್ಳಿನವನು.

"ಏನ್ ಕೆಂಪಣ್ಣ, ನಿಮ್ಮಪ್ಪ ಇವತ್ತು ಏನಂದ?"

"ನಿನ್ನ ಬಾಯಿಗೊಂದು ಬಲೆ ಹಾಕು ಅಂದ."

"ಅದನ್ನ ನನ್ನ ಹೆಂಡ್ತಿ ದಿನಾ ಹೇಳ್ತಾಳೆ. ಅದಕ್ಕೆ ಸತ್ತೋರೇ ಬರಬೇಕಾ?"

ನಿಜ ಸಂಗತಿ ಬಹಳ ಸಣ್ಣದು. ಒಣಗಿದ ತೊಗಲು ಗಾಳಿಯ ತೇವವನ್ನು ಮನುಷ್ಯನಿಗಿಂತ ಮೊದಲು ಹಿಡಿಯುತ್ತದೆ. ಒಣಗಾಳಿಯ ದಿನ ಅದು ಬಿಗಿದುಕೊಂಡು, ತಟ್ಟಿದರೆ ಗಣಗಣ ಎನ್ನುತ್ತದೆ. ಬಿರುಮಳೆ ಬರುವ ದಿನ, ಆಕಾಶ ಎಷ್ಟೇ ತಿಳಿಯಾಗಿರಲಿ, ಬೆಳಿಗ್ಗೆಯೇ ಸಡಿಲಾಗಿ ಧಬ್ ಎಂದು ಸುಮ್ಮನಾಗುತ್ತದೆ. ದಿನವೂ ನೀರಿಗೆ ಬೀಳುವ ಹರಿಗೋಲಿನಲ್ಲಿ ಇದು ತಿಳಿಯುವುದಿಲ್ಲ, ಅದಕ್ಕೆ ಒಂದನ್ನು ಒಣಗಲು ಬಿಟ್ಟಿರಬೇಕು. ಹುಲಿಯಪ್ಪ ಸಾಯುವ ಮುಂಚೆ ಇದನ್ನು ಮಗನಿಗೆ ಹೇಳಿ, "ಯಾರಿಗೂ ಹೇಳಬ್ಯಾಡ. ಗೊತ್ತಾದರೆ ಕಂಡಕಂಡೋರೆಲ್ಲ ಬಡೀತಾರೆ. ಬಡಿದು ಬಡಿದು ಹರೀತಾರೆ" ಎಂದಿದ್ದ. ಹೇಳದೆ ಇದ್ದುದಕ್ಕೆ ಮೊದಲು ಇದ್ದ ಕಾರಣ ಅಷ್ಟೇ. ಆದರೆ ಹನ್ನೆರಡು ವರ್ಷದಲ್ಲಿ ಕೆಂಪಪ್ಪನಿಗೆ ಇನ್ನೊಂದು ಕಾರಣ ಸೇರಿಕೊಂಡಿತ್ತು. ಅವನು ತಟ್ಟುವಾಗ ಜನ ಮಾತು ನಿಲ್ಲಿಸುತ್ತಿದ್ದರು. ಆ ಮೌನ ಅವನಿಗೆ ಹಿತವಾಗಿತ್ತು.

೧೯೫೯ರಲ್ಲಿ ಭೂಮಿ ಹುಣ್ಣಿಮೆಗೆ ಅವನು ಜಡೆಯಲ್ಲಿದ್ದ ತಂಗಿಯ ಮನೆಗೆ ಹೋದ. ಆ ತಂಗಿಯ ಮಗ ಯಲ್ಲಪ್ಪನೇ ಅವನ ಅಳಿಯ. ಮಗಳು ಮಾಳಮ್ಮನನ್ನು ಅವನಿಗೆ ಕೊಟ್ಟು ಮನೆಯಲ್ಲೇ ಇಟ್ಟುಕೊಂಡಿದ್ದ. ಯಲ್ಲಪ್ಪ ಮಾತು ಕಡಿಮೆ, ಕೆಲಸ ಹೆಚ್ಚು. ಆ ಬೇಸಿಗೆಯಲ್ಲಿ ರಸ್ತೆಗೆ ಡಾಂಬರು ಹಾಕುವ ಕೆಲಸಕ್ಕೆ ಹೋಗಿದ್ದವನು ಒಂದು ಡಬ್ಬಿ ಡಾಂಬರು ಕೇಳಿ ತಂದು ಹಿತ್ತಿಲಲ್ಲಿ ಇಟ್ಟಿದ್ದ. ಹುಲಿಯಪ್ಪನ ಹರಿಗೋಲಿನ ಅಂಚನ್ನು ಇಲಿ ಕಡಿದದ್ದು, ತೊಗಲಿಗೆ ಹುಳು ಬಿದ್ದದ್ದು ಅವನ ಕಣ್ಣಿಗೆ ಬಿದ್ದಿತ್ತು. ಮಾವ ಊರಲ್ಲಿಲ್ಲದ ಮೂರು ದಿನದಲ್ಲಿ ಡಾಂಬರನ್ನು ಕಾಯಿಸಿ, ಇಡೀ ಹರಿಗೋಲಿಗೆ ಎರಡು ಸುತ್ತು ಬಳಿದು, ನೆರಳಲ್ಲಿ ಒಣಗಿಸಿ, ಮತ್ತೆ ಅದೇ ಕಲ್ಲುಗಳ ಮೇಲೆ ಕವುಚಿ ಇಟ್ಟ.

ಕೆಂಪಪ್ಪ ಸಂಜೆ ಬಸ್ಸಿಳಿದು ಬಂದಾಗ ಯಲ್ಲಪ್ಪ ಅವನನ್ನು ಚಪ್ಪರಕ್ಕೆ ಕರೆದುಕೊಂಡು ಹೋದ.

"ಇನ್ನು ಐವತ್ತು ವರ್ಷ ಇದಕ್ಕೆ ಏನೂ ಆಗಲ್ಲ ಮಾವ. ಅಜ್ಜಂದು ಕೈಬಿಟ್ಟು ಹೋಗಬಾರದು ಅಂತ ಮಾಡಿದೆ."

ಹರಿಗೋಲು ಕಪ್ಪಗೆ ಹೊಳೆಯುತ್ತಿತ್ತು. ಕೆಂಪಪ್ಪ ಅದರ ಮೇಲೆ ಅಂಗೈಯಿಟ್ಟು ತೆಗೆದ. ಬಯ್ಯಬೇಕೆಂದರೆ ಏಕೆಂದು ಹೇಳಬೇಕು. ಹೇಳಿದರೆ ಹನ್ನೆರಡು ವರ್ಷದ ಕಾಯಿ ಕರ್ಪೂರ ಎಲ್ಲಕ್ಕೂ ಉತ್ತರ ಕೊಡಬೇಕು.

"ಚೆನ್ನಾಗೈತಿ" ಎಂದ.

ಮರುದಿನ ಬೆಳಿಗ್ಗೆ ಏರಿಯ ಮೇಲೆ ಎಲ್ಲರೂ ಸೇರಿದ್ದರು. ಅವನು ಊರಲ್ಲಿಲ್ಲವೆಂದು ಮೂರು ದಿನದಿಂದ ಯಾರೂ ನೀರಿಗೆ ಇಳಿದಿರಲಿಲ್ಲ. ನಾಳೆ ಶಿಕಾರಿಪುರದ ಸಂತೆ, ಬುಟ್ಟಿಗಳು ಖಾಲಿ. ಚಿತ್ತೆ ಮಳೆಯ ಕಾಲ. ಚಿತ್ತೆಯನ್ನು ಜನ ಕುರುಡು ಚಿತ್ತೆ ಎನ್ನುತ್ತಾರೆ, ಎಲ್ಲಿ ಸುರಿಯುತ್ತದೋ ಅದಕ್ಕೇ ಗೊತ್ತಿರುವುದಿಲ್ಲ. ಹೊಗೆ ನೆಟ್ಟಗೆ ಏಳುತ್ತಿತ್ತು. ನೀರುಕಾಗೆಗಳು ಕೆಲವು ಮೇಲಿದ್ದವು, ಕೆಲವು ಕೆಳಗಿದ್ದವು. ಮೂಡಲ ದಿಕ್ಕಿನಲ್ಲಿ ಹಾಲಿಗೆ ನೀರು ಬೆರೆಸಿದ ಹಾಗೆ ತೆಳ್ಳನೆಯ ಮಬ್ಬು. ಯಾವ ಗುರುತೂ ಒಂದು ಕಡೆ ನಿಲ್ಲದ ಇಂಥ ದಿನಕ್ಕಾಗಿಯೇ ಆ ತೊಗಲು ಇದ್ದದ್ದು.

ಕೆಂಪಪ್ಪ ತಟ್ಟಿದ. ಟಕ್ ಎಂದಿತು, ಹಲಗೆ ಬಾಗಿಲು ತಟ್ಟಿದ ಹಾಗೆ. ಇನ್ನೊಂದು ಸಲ ತಟ್ಟಿದ. ಪಕ್ಕಕ್ಕೆ ಸರಿದು ಬೇರೆ ಕಡೆ ತಟ್ಟಿದ. ಅದೇ ಟಕ್.

"ಏನ್ ಕೆಂಪಣ್ಣ, ನಿಮ್ಮಪ್ಪಗೆ ಇನ್ನೂ ನಿದ್ದೆ ಬಿಟ್ಟಿಲ್ವಾ?" ಎಂದ ಕಲ್ಲಪ್ಪ. "ಹೊಸ ಅಂಗಿ ಹಾಕ್ಕೊಂಡು ಬೆಚ್ಚಗೆ ಮಲಗೈತಿ ಮುದುಕ."

ಎಲ್ಲರೂ ನಕ್ಕರು. ಯಲ್ಲಪ್ಪನೂ ನಾಚಿಕೊಂಡು ನಕ್ಕ. ಎಲ್ಲರ ಕಣ್ಣೂ ಕೆಂಪಪ್ಪನ ಮೇಲೆ. ಗೊತ್ತಿಲ್ಲ ಎಂದು ಅವನು ಆ ಏರಿಯ ಮೇಲೆ ಒಂದು ದಿನವೂ ಅಂದವನಲ್ಲ.

"ಹೋಗ್ರಿ" ಎಂದ.

ಮೂರು ಹರಿಗೋಲು ಹೊರಟವು. ಎರಡು ತೂಬಿನ ಹತ್ತಿರವೇ ಬಲೆ ಹಾಕಿದವು. ಮೂರನೆಯದರಲ್ಲಿ ಯಲ್ಲಪ್ಪ ಹುಟ್ಟು ಹಿಡಿದಿದ್ದ, ಕಲ್ಲಪ್ಪ ಬಲೆ ಹಿಡಿದಿದ್ದ. ಅವರು ಜಾಲಿಯ ಕಡೆ ಹೋದರು.

ಕೆಂಪಪ್ಪ ಊಟಕ್ಕೂ ಮನೆಗೆ ಹೋಗಲಿಲ್ಲ. ಹೊತ್ತು ನೆತ್ತಿಯಿಂದ ಇಳಿಯುತ್ತಿದ್ದಂತೆ ಮೂಡಲ ಅಂಚಿನಲ್ಲಿ ನೀರಿನ ಮೇಲೆ ಕಪ್ಪು ಗೆರೆಯೊಂದು ಕಂಡಿತು. ಗೆರೆ ದಪ್ಪವಾಯಿತು, ಹತ್ತಿರ ಬಂತು. ಅದರ ಹಿಂದೆ ಕೆರೆಯೆಲ್ಲ ನೊರೆ. ಅವನು ತಲೆಯ ರುಮಾಲು ಬಿಚ್ಚಿ ಬೀಸಿದ, ಕೂಗಿದ. ತೂಬಿನ ಬಳಿ ಇದ್ದವರು ಬಿರುಸಾಗಿ ಹುಟ್ಟು ಹಾಕಿ ದಡ ಸೇರಿದರು. ಆಮೇಲೆ ಮಳೆ ಬಂದು ಜಾಲಿಮರಗಳು ಕಾಣದಾದವು.

ಗಾಳಿ ನಿಂತ ಮೇಲೆ ಹೋದವರಿಗೆ ಯಲ್ಲಪ್ಪ ಒಂದು ಮರದ ಬೊಡ್ಡೆ ಅಪ್ಪಿಕೊಂಡು ಸಿಕ್ಕಿದ. ಎದೆ ತೋಳೆಲ್ಲ ಮುಳ್ಳು ಗೀರಿ ರಕ್ತ. ಹರಿಗೋಲು ಮಗುಚಿದಾಗ ಕಲ್ಲಪ್ಪನ ಕಾಲಿಗೆ ಬಲೆ ಸುತ್ತಿತ್ತು. ಅವನು ಸಿಕ್ಕಿದ್ದು ಮರುದಿನ, ಕೋಡಿಯ ಹತ್ತಿರ.

ಮಣ್ಣು ಮಾಡಿ ಬಂದ ಮೇಲೆ ಕೇರಿಯಲ್ಲಿ ಒಂದು ಮಾತು ಹುಟ್ಟಿತು. ಯಾರು ಮೊದಲು ಅಂದರೋ ತಿಳಿಯದು, ಆದರೆ ಯಜಮಾನ ಗುರುಮಲ್ಲಪ್ಪ ಅದನ್ನು ಎಲ್ಲರೆದುರು ಆಡಿದ.

"ಸತ್ತ ಹಿರಿಯನ ಮೈಗೆ ಡಾಂಬರು ಬಳಿದರೆ ಅವನು ಬಾಯಿ ಬಿಡ್ತಾನೇನು? ಅವತ್ತು ಕೆಂಪಪ್ಪ ಕೇಳಿದ, ಹಿರಿಯ ಮುನಿಸ್ಕೊಂಡು ತಪ್ಪು ಹೇಳಿದ. ಇದು ಯಲ್ಲಪ್ಪ ತಂದ ಕೇಡು. ಹನ್ನೊಂದನೇ ದಿನ ಆದ ಮೇಲೆ ಅವನು ಜಡೆಗೆ ಹೋಗಲಿ. ಈ ಕೆರೆಯ ಹರಿಗೋಲು ಅವನು ಮುಟ್ಟೋದು ಬ್ಯಾಡ."

ಯಲ್ಲಪ್ಪ ತಲೆಯೆತ್ತಲಿಲ್ಲ. ತಾನೇ ಕಲ್ಲಪ್ಪನನ್ನು ಕೊಂದೆ ಎಂದು ಅವನೂ ನಂಬಿದ್ದ. ಮಾಳಮ್ಮ ಅವನ ಬಟ್ಟೆಯನ್ನು ಒಂದು ಗಂಟು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದಳು. ತಾನೂ ಹೋಗಬೇಕೋ ಇರಬೇಕೋ ಅವಳಿಗೆ ಹೇಳುವವರಿರಲಿಲ್ಲ. ಕೆಂಪಪ್ಪ ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ.

ಎಂಟು ದಿನ ಹೀಗೇ ಕಳೆದವು. ಅವನ ಹೆಂಡತಿ ಮಾಸ್ತಮ್ಮ ಹೆಚ್ಚು ಕೇಳುವವಳಲ್ಲ. ಅವಳು ಒಂದು ಬೆಳಿಗ್ಗೆ ಅಂಬಲಿ ತಂದಿಟ್ಟು ಎದುರಿಗೇ ಕೂತಳು.

"ಅವತ್ತು ನೀವು ಮೂರು ಸಲ ತಟ್ಟಿದ್ರಿ."

ಅವನು ಕೆರೆಯ ಕಡೆ ತಿರುಗಿದ.

"ಯಾವತ್ತೂ ಒಂದೇ ಸಲ ತಟ್ಟೋರು. ನಾನು ನೀರು ತರ್ತಾ ಇದ್ದೆ, ನೋಡ್ದೆ. ನಿಮಗೇನೋ ಗೊತ್ತೈತಿ."

"ಗೊತ್ತಿಲ್ದೇ ಇದ್ದದ್ದೇ ಗೊತ್ತಿರೋದು" ಎಂದ ಕೆಂಪಪ್ಪ.

"ನಂಗೆ ಒಗಟು ಹೇಳಬ್ಯಾಡ್ರಿ. ನನ್ನ ಮಗಳು ಗಂಟು ಕಟ್ಟಿ ಕೂತಾಳೆ."

ಅವನು ಅಂಬಲಿ ಮುಟ್ಟದೆ ಎದ್ದುಹೋದ. ಚಪ್ಪರದ ಕೆಳಗೆ ಬಹಳ ಹೊತ್ತು ಕೂತು, ಉಗುರಿನಿಂದ ಡಾಂಬರನ್ನು ಕೆರೆದು ನೋಡಿದ. ತೊಗಲಿನೊಳಕ್ಕೆ ಇಳಿದು ಹೋಗಿತ್ತು, ಏಳಲಿಲ್ಲ.

ಕಲ್ಲಪ್ಪನ ಮನೆಯ ಮುಂದೆ ಹನ್ನೊಂದನೆಯ ದಿನದ ಊಟ ಮುಗಿದು ಜನ ಕೈತೊಳೆದು ಕೂತಿದ್ದರು. ಗುರುಮಲ್ಲಪ್ಪ ಗಂಟಲು ಸರಿಮಾಡಿಕೊಂಡು ಯಲ್ಲಪ್ಪನ ವಿಷಯ ಎತ್ತುವಷ್ಟರಲ್ಲಿ ಕೆಂಪಪ್ಪ ಎದ್ದ. ಗುಡಿಸಲ ಬಾಗಿಲಲ್ಲಿ ಕೂತಿದ್ದ ಕಲ್ಲಪ್ಪನ ಹೆಂಡತಿಯ ಹತ್ತಿರ ಹೋದ.

"ವೀರಮ್ಮ, ಕಲ್ಲಪ್ಪನ ಡೊಳ್ಳು ಸ್ವಲ್ಪ ಕೊಡವ್ವ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ವೀರಮ್ಮ ಒಳಗೆ ಹೋಗಿ, ಗೂಟದಿಂದ ಡೊಳ್ಳು ಇಳಿಸಿ ತಂದುಕೊಟ್ಟಳು. ಕಲ್ಲಪ್ಪ ಹೋದಾಗಿನಿಂದ ಯಾರೂ ಮುಟ್ಟದ ಡೊಳ್ಳು, ಹೊರಗೆ ಇನ್ನೂ ಚಿತ್ತೆಯ ತೇವ. ಕೆಂಪಪ್ಪ ಬೆರಳು ಮಡಚಿ ತಟ್ಟಿದ. ಧಬ್ ಎಂದಿತು. ಆಮೇಲೆ ಅಡಿಗೆಯ ಒಲೆಯ ಬಳಿ ಒಂದು ಹಿಡಿ ಹುಲ್ಲು ಉರಿಸಿ, ಡೊಳ್ಳಿನ ಮುಖವನ್ನು ಅದರ ಕಾವಿಗೆ ಹಿಡಿದ. ಕಲ್ಲಪ್ಪ ಪ್ರತಿ ಸಲ ಬಾರಿಸುವ ಮುಂಚೆ ಮಾಡುತ್ತಿದ್ದುದೂ ಅದನ್ನೇ. ಮತ್ತೆ ತಟ್ಟಿದ. ಗಣ್ ಎಂದು ಸುತ್ತಲಿನವರ ಎದೆಗೆ ತಾಗಿತು.

"ಇಷ್ಟೇ" ಎಂದ ಕೆಂಪಪ್ಪ. "ನಮ್ಮಪ್ಪ ಯಾವತ್ತೂ ಮಾತಾಡಲಿಲ್ಲ. ತೊಗಲು ಮಾತಾಡ್ತಿತ್ತು. ತೇವ ಹಿಡಿದರೆ ಮಳೆಗಾಳಿ, ಬಿಗಿದರೆ ಒಣದಿನ. ಡಾಂಬರು ಬಿದ್ದ ಮೇಲೆ ಅದು ಮಾತು ಬಿಡ್ತು. ಯಲ್ಲಪ್ಪಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದೋನು ನಾನು. ಅವತ್ತು ನಂಗೆ ಏನೂ ಕೇಳಲಿಲ್ಲ. ಆದರೂ ಹೋಗ್ರಿ ಅಂದೆ."

ಹಿಂದಿನಿಂದ ಯಾರೋ, "ಇಷ್ಟೇನಾ?" ಎಂದರು. ಇನ್ನೊಬ್ಬರು, "ಇಷ್ಟಕ್ಕೆ ನಾವು ಹನ್ನೆರಡು ವರ್ಷ ಕಾಯಿ ಒಡೆದ್ವಾ?" ಎಂದರು. ಗುರುಮಲ್ಲಪ್ಪ, "ಕಲ್ಲಪ್ಪಗಾದರೂ ಹೇಳಬಾರದಿತ್ತೇನೋ? ಡೊಳ್ಳಿನೋನು, ಒಂದೇ ಮಾತಿಗೆ ತಿಳೀತಿದ್ದ" ಎಂದ. ಕೆಂಪಪ್ಪ ಹೌದೆಂದು ತಲೆಯಾಡಿಸಿದ.

ವೀರಮ್ಮ ಬಯ್ಯಲಿಲ್ಲ, ಅಳಲೂ ಇಲ್ಲ. ಡೊಳ್ಳನ್ನು ಅವನ ಕೈಯಿಂದ ಹಿಂದಕ್ಕೆ ಇಸಿದುಕೊಂಡಳು.

"ಗೊತ್ತಿಲ್ಲ ಅಂತ ಒಂದು ಮಾತು ಅಂದಿದ್ರೆ ಆಗ್ತಿತ್ತು ಕೆಂಪಣ್ಣ" ಎಂದಳು. "ನಮ್ಮೋರು ನಗ್ತಿದ್ರು. ನಕ್ಕೊಂಡು ಮನೆಗೆ ಬರ್ತಿದ್ರು."

ಯಲ್ಲಪ್ಪ ಜಡೆಗೆ ಹೋಗಲಿಲ್ಲ. ಮಾಳಮ್ಮ ಗಂಟು ಬಿಚ್ಚಿ ಬಟ್ಟೆಗಳನ್ನು ಹಗ್ಗದ ಮೇಲೆ ಹಾಕಿದಳು. ಆದರೆ ಅವನು ಜಾಲಿಯ ಕಡೆ ಮತ್ತೆ ಬಲೆ ಹಾಕಲಿಲ್ಲ, ಮಾವನ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣಲು ಬಹಳ ದಿನ ಬೇಕಾಯಿತು. ಕೇರಿಯವರು ಸೇರಿ ಹೊಸ ತೊಗಲು ತಂದು ಹುಲಿಯಪ್ಪನ ಬಿದಿರಿಗೆ ಬಿಗಿದು, ಅದೇ ಕಲ್ಲುಗಳ ಮೇಲೆ ಕವುಚಿದರು. ಬಂದವರು ಹೋದವರೆಲ್ಲ ಅದನ್ನು ತಟ್ಟತೊಡಗಿದರು. ವರ್ಷ ತುಂಬುವುದರೊಳಗೆ ತೊಗಲು ಹರಿಯಿತು, ಹುಲಿಯಪ್ಪ ಹೇಳಿದ್ದ ಹಾಗೆಯೇ. ಯಾರೂ ಜಗಳ ಮಾಡಲಿಲ್ಲ, ಇನ್ನೊಂದು ತಂದು ಬಿಗಿದರು.

ಕೆಂಪಪ್ಪ ಬೆಳಿಗ್ಗೆ ಏರಿಗೆ ಬರುವುದನ್ನು ಬಿಡಲಿಲ್ಲ. ಎಲ್ಲರ ಹಿಂದೆ ನಿಲ್ಲುತ್ತಿದ್ದ. ಅವನನ್ನು ಯಾರೂ ಕೇಳುತ್ತಿರಲಿಲ್ಲ. ಎರಡನೆಯ ವರ್ಷದ ಚಿತ್ತೆಯಲ್ಲಿ, ಗುರುತುಗಳು ಒಂದಕ್ಕೊಂದು ಕೂಡದ ಒಂದು ಬೆಳಿಗ್ಗೆ, ತಟ್ಟಿದವರಲ್ಲಿ ಇಬ್ಬರು ಹೋಗಬಹುದೆಂದರು, ಇಬ್ಬರು ಬೇಡವೆಂದರು. ನೀರಿನ ಕೊಡ ಹೊತ್ತು ಹೋಗುತ್ತಿದ್ದ ವೀರಮ್ಮ ನಿಂತಳು.

"ಕೆಂಪಣ್ಣ, ನಿಮಗೆ ಹೆಂಗ ಕಾಣ್ತೈತಿ?"

ಅವನು ಹೊಗೆ ನೋಡಿದ, ನೀರುಕಾಗೆಗಳನ್ನು ನೋಡಿದ. ಹೋಗಿ ತೊಗಲನ್ನು ಒಂದು ಸಲ ತಟ್ಟಿ, ಕಿವಿಯಿಟ್ಟು ನಿಂತ.

"ನಂಗೆ ಗೊತ್ತಾಗ್ತಿಲ್ಲ ಕಣವ್ವ" ಎಂದ.

"ಹಂಗಾದ್ರೆ ಇವತ್ತು ಯಾರೂ ಇಳಿಯೋದು ಬ್ಯಾಡ" ಎಂದು ವೀರಮ್ಮ ಮುಂದಕ್ಕೆ ನಡೆದಳು.

ಐದೂ ಹರಿಗೋಲು ದಡದಲ್ಲೇ ಉಳಿದವು. ಆ ದಿನ ಸಂಜೆಯವರೆಗೆ ಒಂದು ಎಲೆಯೂ ಅಲುಗಲಿಲ್ಲ, ಕೆರೆ ತಟ್ಟೆಯ ಹಾಗೆ ಸುಮ್ಮನೆ ಬಿದ್ದಿತ್ತು. ಒಂದು ದಿನದ ಮೀನು ಹೋಯಿತೆಂದು ಕೇರಿಯಲ್ಲಿ ಯಾರೂ ಕೆಂಪಪ್ಪನನ್ನು ದೂರಲಿಲ್ಲ.