ನೈಲಾನ್ ಸೆರಗಿನ ಕಿಡಿ

ತಮ್ಮ ಹೇಳಿದ ಒಂದೇ ಒಂದು ಮಾತನ್ನು ನಾನು ಪಾಲಿಸಲಿಲ್ಲ. ಎಂಬತ್ತರ ದಶಕದ ಕೊನೆ. ಮಣಿಪಾಲದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಅವನು ಮೆಕ್ಯಾನಿಕ್, ನಾನು ಗುಡಿಸುವವಳು.

“ಮುಟ್ಟಬೇಡ ಅಕ್ಕ, ನಿನ್ನ ನೈಲಾನ್ ಸೀರೆಯಲ್ಲಿ ಕರೆಂಟು ಉಂಟು. ಕಂಪ್ಯೂಟರಿನ ಮಾಹಿತಿ ಇರುವ ಡ್ರೈವ್ ಸುಟ್ಟು ಹೋಗ್ತದೆ” ಎಂದಾಗ ನಕ್ಕಿದ್ದೆ. ಎ.ಸಿ. ಕೋಣೆಯಲ್ಲಿ ಬಿಚ್ಚಿಟ್ಟ ಡ್ರೈವಿನ ಬೋರ್ಡಿನ ಮೇಲೆ ಧೂಳು ಕಂಡಿತು, ಸೆರಗಿನಿಂದ ಒರೆಸಿದೆ. ಬೆರಳಿಗೆ ಚಟ್ಟನೆ ಕಿಡಿ ತಾಗಿತು. ಡ್ರೈವ್ ಮತ್ತೆ ಓಡಲಿಲ್ಲ.

“ನಾಳೆಯಿಂದ ಬರುವುದು ಬೇಡ” ಎಂದು, ಅವನೇ ಕೆಡಿಸಿದ್ದೆಂದುಕೊಂಡ ಅಂಗಡಿಯ ಧಣಿಗಳು ತಮ್ಮನಿಗೆ ಹೇಳಿದಾಗಲೂ ನಾನು ನೆಲ ಗುಡಿಸುತ್ತಲೇ ಇದ್ದೆ.

ಮರುದಿನ ಹತ್ತಿಯ ಸೀರೆ ಉಟ್ಟು, ತಮ್ಮನನ್ನು ಕೈಹಿಡಿದು ಕರೆದುಕೊಂಡು ಹೋಗಿ ಧಣಿಗಳ ಮುಂದೆ ನಿಂತೆ. “ಒರೆಸಿದ್ದು ನಾನು. ತೆಗೆಯುವುದಾದರೆ ನನ್ನನ್ನು ತೆಗೆಯಿರಿ” ಎಂದೆ. ಮತ್ತೆ ತಮ್ಮನತ್ತ ತಿರುಗಿದೆ. “ತಪ್ಪಾಯ್ತು ಮಾರಾಯ, ನಿನ್ನೆಯೇ ಹೇಳಬೇಕಿತ್ತು.”